ನಮ್ಮ ರಸ್ತೆ ನಿಮ್ಮ ಆಫ್‌ರೋಡ್ ಅಲ್ಲ

ನವರಾತ್ರಿ ರಜೆ ಹತ್ತಿರವಾಯಿತೆಂದರೆ ಮೊಬೈಲಿಗೆ ಒಂದೇ ನಮೂನೆಯ ವಿಡಿಯೋಗಳು ಬಂದು ಬೀಳುತ್ತವೆ. ಟಾಪು ತೆಗೆದ ಜೀಪು. ಹಿಂದೆ ರಾಡು ಹಿಡಿದು ನಿಂತ ನಾಲ್ಕೈದು ಜನ. ಚಕ್ರ ಕೆಸರಿನಲ್ಲಿ ಹೂತು ಗರಗರ ತಿರುಗುತ್ತದೆ, ಎಲ್ಲರೂ ಹೋ ಎಂದು ಕೂಗುತ್ತಾರೆ, ಜೀಪು ಒಮ್ಮೆ ಜಿಗಿದು ಆಚೆ ದಾಟುತ್ತದೆ. ಕೆಳಗೆ ಬರಹ: ಪ್ರೈವೇಟ್ ಓಪನ್ ಟಾಪ್ ಜೀಪ್ ಟೂರ್, ರಿಯಲ್ ಆಫ್‌ರೋಡ್, ಯಾರೂ ನೋಡದ ಜಲಪಾತ, ಮಲೆನಾಡಿನ ಊಟ. ಕೊಡಚಾದ್ರಿಯಲ್ಲಿ, ಮಡಿಕೇರಿಯ ಮಾಂದಲಪಟ್ಟಿಯಲ್ಲಿ ಇದು ಹಳೆಯ ವ್ಯಾಪಾರ. ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಗೂ ಅದರ ಗಾಳಿ ಬೀಸಿದೆ.

ಆಫ್‌ರೋಡ್ ಅಂದರೆ ರಸ್ತೆ ಬಿಟ್ಟು ಓಡಿಸುವುದು. ಆದರೆ ಆ ಜೀಪು ರಸ್ತೆ ಬಿಟ್ಟು ಎಲ್ಲಿಗೂ ಹೋಗಿಲ್ಲ. ಆ ಕೆಸರೇ ರಸ್ತೆ. ಅದರಾಚೆ ಆರೋ ಏಳೋ ಮನೆ ಇವೆ, ಒಂದು ಅಡಿಕೆ ತೋಟ ಇದೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಸಕ್ಕರೆ ಕಾಯಿಲೆಯ ಅಜ್ಜಿ ಇದ್ದಾಳೆ. ಆ ಮನೆಯವರು ಹತ್ತಾರು ವರ್ಷ ಪಂಚಾಯ್ತಿಗೆ, ಶಾಸಕರಿಗೆ, ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟು ಸರಿಮಾಡಿಸಲು ಆಗದ ರಸ್ತೆಗೆ ಪೇಟೆಯಿಂದ ಬಂದವರು ದುಡ್ಡು ಕೊಟ್ಟು 'ಅನುಭವ' ಎಂದು ಹೆಸರಿಡುತ್ತಿದ್ದಾರೆ. ನನ್ನ ತಕರಾರು ಇರುವುದು ಜೀಪಿನ ಮೇಲಲ್ಲ, ಪ್ರವಾಸಿಗರ ಮೇಲೂ ಅಲ್ಲ. ನಮ್ಮ ಕಷ್ಟಕ್ಕೆ ಟಿಕೆಟ್ ಹರಿದು ಮಾರುವ ಈ ಲೆಕ್ಕಾಚಾರದ ಮೇಲೆ. ಕಷ್ಟಕ್ಕೆ ಒಮ್ಮೆ ಬೆಲೆ ಬಂದರೆ ಅದನ್ನು ಕಳೆಯಲು ಯಾರೂ ಮುಂದೆ ಬರುವುದಿಲ್ಲ.

ಮಲೆನಾಡಿಗೆ ಜೀಪು ಏನು ಎಂದು ಮೊದಲು ಹೇಳಬೇಕು. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದವರು ಮಾಡಿದ ಗಾಡಿ ಅದು. 1947ರಲ್ಲಿ ಮಹೀಂದ್ರಾದವರು ವಿಲ್ಲಿಸ್ ಜೀಪನ್ನು ನಮ್ಮ ದೇಶಕ್ಕೆ ತಂದರು. ಆಮೇಲೆ ಅದು ಅರಣ್ಯ ಇಲಾಖೆಯವರ, ಗುತ್ತಿಗೆದಾರರ, ದೊಡ್ಡ ತೋಟದವರ ಕೈಯಿಂದ ಇಳಿದಿಳಿದು ನಮ್ಮ ಕೇರಿಗಳಿಗೆ ಬಂತು. ನಮ್ಮ ಕೋಲಸಿರ್ಸಿ ಕಡೆಯವರು ಸಿದ್ದಾಪುರ ಪೇಟೆಯನ್ನು ಹೇಗೋ ಮುಟ್ಟುತ್ತೇವೆ. ಪಡುವಣಕ್ಕೆ, ಘಟ್ಟದ ಅಂಚಿಗೆ ಹೋದ ಹಾಗೆ ಕತೆ ಬೇರೆ. ಅಲ್ಲಿ ಊರಿಗೊಂದು ಹಳೆ ಕಮಾಂಡರೋ ಮೇಜರೋ ಇರುತ್ತದೆ. ಅಡಿಕೆ ಮೂಟೆ ಶಿರಸಿಯ ಟಿಎಸ್‌ಎಸ್‌ಗೆ ಹೋಗುವುದು ಅದರಲ್ಲಿ, ದನದ ಹಿಂಡಿ ಬರುವುದು ಅದರಲ್ಲಿ, ಮದುವೆ ದಿಬ್ಬಣ ಅದರಲ್ಲಿ. ಹೆರಿಗೆ ನೋವು ಶುರುವಾದರೆ ನಡುರಾತ್ರಿ ಬಾಗಿಲು ಬಡಿಯುವುದೂ ಆ ಜೀಪಿನವನ ಮನೆಯದೇ. 108ಕ್ಕೆ ಫೋನು ಹೋದರೂ ಅದು ನಿಲ್ಲುವುದು ಡಾಂಬರು ಮುಗಿಯುವಲ್ಲಿ. ಅಲ್ಲಿಯವರೆಗೆ ಜೀಪು. ಜೀಪೂ ಹೋಗದ ಕಡೆ ಕುರ್ಚಿಗೆ ಬಿದಿರಿನ ಗಳ ಕಟ್ಟಿ ನಾಲ್ಕು ಜನ ಹೊರಬೇಕು.

ಆ ಜೀಪಿಗೆ ಟಾಪು ಇರುತ್ತದೆ. ಹರಿದಿದ್ದರೆ ಮೇಲೊಂದು ಟಾರ್ಪಾಲು ಬಿಗಿದಿರುತ್ತಾರೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟಾಪಿಲ್ಲದ ಜೀಪನ್ನು ಹೊರಗೆ ತೆಗೆದರೆ ಸೀಟಿನಲ್ಲಿ ಅಕ್ಕಿ ನೆನೆಹಾಕಬಹುದು. ಹಾಗಾಗಿ ಟಾಪು ಕಿತ್ತ ಜೀಪು ಕಂಡಕೂಡಲೇ ನಮಗೆ ತಿಳಿಯುತ್ತದೆ, ಇದು ಊರಿನ ಕೆಲಸಕ್ಕೆ ಬಂದದ್ದಲ್ಲ.

ಆಸ್ಪತ್ರೆಯ ಮಾತು ಬಂತಲ್ಲ, ಅದನ್ನು ಪೂರ್ತಿ ಹೇಳಿಬಿಡುತ್ತೇನೆ. ಹೃದಯಕ್ಕೋ ತಲೆಗೋ ಪೆಟ್ಟಾದರೆ ಉತ್ತರ ಕನ್ನಡದವರು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಓಡಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಳೆನೀರಿಗೆ ಜಾರಿ ಕಂಬಕ್ಕೆ ಬಡಿಯಿತು. ನಾಲ್ಕು ಜನ ತೀರಿಕೊಂಡರು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡದಿದ್ದರೆ ಮತ ಇಲ್ಲ ಎಂಬ ಅಭಿಯಾನ ಆಗ ಎದ್ದದ್ದು ನಿಮಗೆ ನೆನಪಿರಬಹುದು. ಅದು ನಡೆದದ್ದು ರಾಷ್ಟ್ರೀಯ ಹೆದ್ದಾರಿಯಲ್ಲಿ. ನಮ್ಮ ಕೇರಿಯ ರೋಗಿ ಹೆದ್ದಾರಿ ಮುಟ್ಟುವ ಮೊದಲು, ನೀವು ವಿಡಿಯೋದಲ್ಲಿ ನೋಡಿ ಲೈಕ್ ಒತ್ತಿದ ಆ ಕೆಸರನ್ನು ದಾಟಬೇಕು. ನಿಮ್ಮ ಎರಡು ಗಂಟೆಯ ಥ್ರಿಲ್ಲು ಅವಳ ಮೊದಲ ಎರಡು ಗಂಟೆ.

ಹಾಗಾದರೆ ರಸ್ತೆ ಯಾಕೆ ಆಗಿಲ್ಲ? ಇದಕ್ಕೆ ಅಧಿಕಾರಿಗಳ ಬಳಿ ಎರಡು ಉತ್ತರ ಸದಾ ತಯಾರಿರುತ್ತವೆ.

ಮೊದಲನೆಯದು ಜನಸಂಖ್ಯೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದಲ್ಲಿ ಶುರುವಾದಾಗ ಬಯಲಿನಲ್ಲಿ 500 ಜನರಿರುವ ಜನವಸತಿಗೆ, ಗುಡ್ಡಗಾಡು ರಾಜ್ಯಗಳಲ್ಲಿ 250 ಜನರಿರುವಲ್ಲಿಗೆ ರಸ್ತೆ ಎಂದು ನಿಯಮ ಮಾಡಿದರು. ನಮ್ಮದು ಗುಡ್ಡಗಾಡು, ಆದರೆ ಗುಡ್ಡಗಾಡು ರಾಜ್ಯವಲ್ಲ. ಮಲೆನಾಡಿನಲ್ಲಿ ಊರು ಎಂದರೆ ಬಯಲುಸೀಮೆಯ ಹಾಗೆ ಒಂದೇ ಕಡೆ ಗುಂಪಾಗಿ ಕೂತದ್ದಲ್ಲ. ತೋಟ ಇರುವಲ್ಲಿ ಮನೆ, ನೀರು ಇರುವಲ್ಲಿ ತೋಟ. ಇಲ್ಲಿ ಐದು ಮನೆ, ಗುಡ್ಡ ಇಳಿದರೆ ಮೂರು ಮನೆ, ಹೊಳೆ ದಾಟಿದರೆ ಎಂಟು. ಈ ಲೆಕ್ಕದಲ್ಲಿ 500 ಜನ ಒಂದೆಡೆ ಸಿಗುವುದು ಬಂಡಿಹಬ್ಬದ ದಿವಸ ಮಾತ್ರ.

ಎರಡನೆಯದು ಅರಣ್ಯ. 'ಫಾರೆಸ್ಟ್ ಪರ್ಮಿಷನ್ ಸಿಗೋದಿಲ್ಲ' ಎಂಬ ಮಾತು ಕೇಳದ ಅರ್ಜಿದಾರ ನಮ್ಮ ಜಿಲ್ಲೆಯಲ್ಲಿ ಇಲ್ಲ. ಕಾಡು ಉಳಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ನಮ್ಮ ಅಡಿಕೆ ತೋಟ ಬದುಕಿರುವುದೇ ಬೆಟ್ಟದ ಸೊಪ್ಪಿನಿಂದ, ಕಾನಿನ ನೀರಿನಿಂದ. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಘೋಷಿಸಿದ್ದು, ಅದು 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿದ್ದು ಸುಮ್ಮನೆ ಅಲ್ಲ. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಂಥದ್ದು ಒಮ್ಮೆ ಹೋದರೆ ಮತ್ತೆ ಮಾಡಿಕೊಡಲು ಯಾವ ಇಲಾಖೆಗೂ ಆಗದು. ಆದರೆ ಅದೇ ಕಾಡಿನ ದಾರಿಯಲ್ಲಿ ಅಜ್ಜಿಯನ್ನು ಹೊತ್ತ ಜೀಪಿಗೆ ಕಲ್ಲು ಹಾಸಲು ಅನುಮತಿ ಇಲ್ಲ, ಹಾಡು ಹಚ್ಚಿಕೊಂಡ ಜೀಪು ದಿನಕ್ಕೆ ಹತ್ತು ಸಲ ಹೋಗಿಬರಲು ಯಾರೂ ಕೇಳುವುದಿಲ್ಲ ಎಂದರೆ ಅದು ಅರಣ್ಯ ರಕ್ಷಣೆ ಹೇಗಾಯಿತು?

ಅನುಮತಿ ಸಿಗುವುದಿಲ್ಲ ಎಂಬುದೂ ಪೂರ್ತಿ ನಿಜವಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ 3(2)ನೇ ಕಲಮು ಓದಿ ನೋಡಿ. ಶಾಲೆ, ಅಂಗನವಾಡಿ, ಆಸ್ಪತ್ರೆ, ಕುಡಿಯುವ ನೀರು, ರಸ್ತೆ ಸೇರಿ 13 ಬಗೆಯ ಸೌಲಭ್ಯಕ್ಕೆ ಪ್ರತಿಯೊಂದಕ್ಕೂ 1 ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಭೂಮಿ ಕೊಡಬಹುದು. ಹೆಕ್ಟೇರಿಗೆ 75 ಮರಕ್ಕಿಂತ ಹೆಚ್ಚು ಕಡಿಯುವಂತಿಲ್ಲ. ಗ್ರಾಮಸಭೆಯ ಶಿಫಾರಸು ಇರಬೇಕು. 1 ಹೆಕ್ಟೇರ್ ಎಂದರೆ 10,000 ಚದರ ಮೀಟರ್. 3 ಮೀಟರ್ ಅಗಲದ ರಸ್ತೆಯಾದರೆ 3 ಕಿಲೋಮೀಟರಿಗೂ ಮಿಕ್ಕಿ ಆಯಿತು. ನಮ್ಮ ಎಷ್ಟೋ ಕೇರಿಗಳಿಗೆ ಬೇಕಾದದ್ದು ಅಷ್ಟೇ. ಅದೂ ಹೊಸದಾಗಿ ಕಾಡು ಸೀಳುವುದಲ್ಲ, ಇರುವ ಜಾಡಿಗೆ ಮೋರಿ, ಗಟಾರ, ಕಲ್ಲು.

ಗಟಾರ ಎಂದೆನಲ್ಲ, ಪೇಟೆಯವರಿಗೆ ತಿಳಿಯದ ಸಂಗತಿ ಅದು. ಮಣ್ಣಿನ ರಸ್ತೆಯನ್ನು ಹಾಳುಮಾಡುವುದು ನೀರು. ರಸ್ತೆಯ ನಡುವೆ ತುಸು ಉಬ್ಬಿಸಿ, ಮಗ್ಗುಲಿಗೆ ಗಟಾರ ತೆಗೆದು, ನೀರು ಪಕ್ಕಕ್ಕೆ ಹರಿಯುವಂತೆ ಮಾಡಿದರೆ ಮಣ್ಣಿನ ರಸ್ತೆಯೂ ತಡೆಯುತ್ತದೆ. ಮಳೆಗಾಲದ ಮುಂಚೆ ಕೇರಿಯವರು ಸೇರಿ ಗುದ್ದಲಿ ಹಿಡಿದು ಮಾಡುವ ಕೆಲಸ ಇದು. ಗಾಲಿಯ ಜಾಡು ಆಳವಾಯಿತೋ, ನೀರು ಗಟಾರ ಬಿಟ್ಟು ಆ ಜಾಡನ್ನೇ ಹಿಡಿಯುತ್ತದೆ. ಒಂದು ಮಳೆಗೆ ಗೇಣುದ್ದ ಇದ್ದದ್ದು ಇನ್ನೊಂದು ಮಳೆಗೆ ಮೊಣಕಾಲುದ್ದ. ಊರಿನ ಚಾಲಕ ರೋಗಿಯನ್ನು ಕೂರಿಸಿಕೊಂಡಾಗ ನಾಲ್ಕೂ ಚಕ್ರಕ್ಕೆ ಗೇರು ಹಾಕಿ ಆಮೆಯ ಹಾಗೆ, ಮಣ್ಣು ಕೆದರದಂತೆ ಏರುತ್ತಾನೆ. ಅದೇ ಚಾಲಕನಿಗೆ ಹಿಂದೆ ನಿಂತವರು 'ಬ್ರೋ, ಇನ್ನೊಂದು ಸಲ, ವಿಡಿಯೋ ಸರಿ ಬರಲಿಲ್ಲ' ಎಂದು ಮೂರು ಸಲ ಆಕ್ಸಿಲರೇಟರ್ ಒತ್ತಿಸುತ್ತಾರೆ. ಕೇರಿಯವರು ಮೇ ತಿಂಗಳಲ್ಲಿ ಬೆವರು ಸುರಿಸಿ ತುಂಬಿದ ಕಲ್ಲು ಅಕ್ಟೋಬರಿನ ಒಂದು ಭಾನುವಾರಕ್ಕೆ ಮೇಲೆ ಬಂತು. ಇದರ ಬಾಡಿಗೆಯಲ್ಲಿ ಕಲ್ಲು ಹೊತ್ತವನಿಗೆ ಬಿಡಿಗಾಸೂ ಇಲ್ಲ.

ಈ ಮಣ್ಣು ಎಷ್ಟು ಸೂಕ್ಷ್ಮ ಎಂದು ತಿಳಿಯಲು ದೂರ ಹೋಗಬೇಕಿಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವೇ ಜಾರಿತು. ತೋಟ, ಮನೆ, ರಸ್ತೆ ಎಲ್ಲ ಕೊಚ್ಚಿಹೋದವು. ಅದೇ ಮಳೆಗೆ ಅರಬೈಲು ಘಟ್ಟದ ಹೆದ್ದಾರಿ ಕುಸಿದು ವಾಹನ ನಿಂತವು. ಜೀಪು ಓಡಿಸಿದ್ದಕ್ಕೆ ಗುಡ್ಡ ಜಾರಿತು ಎಂದು ನಾನು ಹೇಳುತ್ತಿಲ್ಲ. ನೀರಿನ ದಾರಿ ತಪ್ಪಿಸಿದರೆ ಏನಾಗುತ್ತದೆ ಎಂದು ಕಣ್ಣಾರೆ ಕಂಡ ಸೀಮೆಯಲ್ಲಿ, ನೀರಿಗೆ ಹೊಸ ಕಾಲುವೆ ತೋಡುವುದನ್ನು ಮನರಂಜನೆ ಎಂದು ಮಾರುವುದಕ್ಕೆ ಎದೆ ಗಟ್ಟಿ ಬೇಕು ಎನ್ನುತ್ತಿದ್ದೇನೆ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಜೀಪಿನವನು ಪರಕೀಯನಲ್ಲ, ನಮ್ಮವನೇ. ಘಟ್ಟದಂಚಿನ ಊರಿನ ಚಾಲಕರೊಬ್ಬರ ಹತ್ತಿರ ಈ ವಿಷಯ ಎತ್ತಿದೆ. ಅವರು ನನ್ನ ಭಾಷಣ ಪೂರ್ತಿ ಕೇಳಿ, ಕವಳ ಉಗಿದು ಬಂದು, ಹೇಳಿದ್ದು ಇಷ್ಟು: "ನೀ ಹೇಳುದೆಲ್ಲಾ ಸರಿ ತಮಾ. ಆದ್ರೆ ರಸ್ತೆ ಚಲೋ ಆದ್ರೆ ಅವ್ರ ಕಾರೇ ಅಬ್ಬಿ ಬುಡದವರೆಗೆ ಹೋತದೆ. ನನ್ ಜೀಪು ಯಾರಿಗೆ ಬೇಕು? ನನ್ ಸಾಲ ನೀ ಕಟ್ತ್ಯಾ?"

ಇದಕ್ಕೆ ಉತ್ತರ ಕೊಡದೆ ಬರೆಯುವ ಪರಿಸರ ಲೇಖನಗಳೆಲ್ಲ ಪೇಟೆಯ ಸೋಫಾದ ಮೇಲಿನ ಬರಹಗಳು. ಅಡಿಕೆಗೆ ಕೊಳೆ ಬಂದ ವರ್ಷ, ಎಲೆಚುಕ್ಕಿ ಬಂದ ವರ್ಷ ಆ ಬಾಡಿಗೆಯೇ ಮನೆ ನಡೆಸಿರುತ್ತದೆ. ಮಾತ್ರ ಅವರ ಮಾತಿನೊಳಗಿನ ಲೆಕ್ಕವನ್ನು ಗಮನಿಸಿ. ರಸ್ತೆ ಕೆಟ್ಟಿದ್ದರಷ್ಟೇ ಅನ್ನ ಎಂಬ ಸ್ಥಿತಿಗೆ ನಾವು ನಮ್ಮದೇ ಹುಡುಗರನ್ನು ತಂದು ನಿಲ್ಲಿಸಿದ್ದೇವೆ. ಅವರ ಹೆಂಡತಿಯ ಹೆರಿಗೆಗೂ ಅದೇ ರಸ್ತೆ. ಮಾಂದಲಪಟ್ಟಿಗೆ ಹೋದವರು 'ಜೀಪಿನವರಿಗೋಸ್ಕರವೇ ರಸ್ತೆ ಮಾಡುವುದಿಲ್ಲ' ಎಂದು ಗೊಣಗುವುದನ್ನು ನೀವೂ ಕೇಳಿರುತ್ತೀರಿ. ಅದು ನಿಜವೋ ಸುಳ್ಳೋ, ಹಾಗೆ ಅನಿಸುವುದೇ ಸಾಕು. ನಾಳೆ ನಮ್ಮ ಕೇರಿಯವರು ರಸ್ತೆ ಕೇಳಲು ಹೋದಾಗ, ನಿಮ್ಮೂರಿನವರೇ ಬೇಡ ಅಂತಾರಲ್ಲ ಎಂದು ಕುರ್ಚಿಯಲ್ಲಿ ಕೂತವರು ಜಾರಿಕೊಳ್ಳಲು ಅದೊಂದು ನೆಪ.

ಆ ದುಡಿಮೆಯಾದರೂ ಭದ್ರವೇ? ಹೆಚ್ಚಿನವು ವೈಟ್ ಬೋರ್ಡ್ ಜೀಪುಗಳು. ಖಾಸಗಿ ನೋಂದಣಿಯ ಗಾಡಿಯನ್ನು ಬಾಡಿಗೆಗೆ ಓಡಿಸುವುದು 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಪರ್ಮಿಟ್ ಇಲ್ಲದ ಓಡಾಟ. ವಿಮೆಯ ಷರತ್ತಿಗೂ ವಿರುದ್ಧ. ಗಾಡಿಯ ಮೂಲ ರಚನೆ ಬದಲಿಸುವಂತಿಲ್ಲ ಎಂದು ಅದೇ ಕಾಯಿದೆಯ 52ನೇ ಕಲಮು ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹಿಂದಿನ ಅಡ್ಡ ಸೀಟಿಗೆ ಬೆಲ್ಟಿಲ್ಲ, ನಿಂತವನಿಗೆ ಕೇಳುವುದೇ ಬೇಡ. ಒಂದು ಜೀಪು ಮಗುಚಿತು ಎಂದಿಟ್ಟುಕೊಳ್ಳಿ. ಪ್ಯಾಕೇಜ್ ಮಾರಿದವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ, ಅವನದು ಬರೀ ಒಂದು ಫೋನ್ ನಂಬರು. ಕೇಸು ಬೀಳುವುದು ಚಾಲಕನ ಮೇಲೆ, ಪರಿಹಾರಕ್ಕೆ ತೋಟ ಹೋಗುವುದು ಅವನದ್ದು.

ಈ ಪ್ಯಾಕೇಜು ನಮ್ಮ ಮಣ್ಣಿನಲ್ಲಿ ಹುಟ್ಟಿದ್ದಲ್ಲ. ಕೆರಿಬಿಯನ್ ಸಮುದ್ರದ ದ್ವೀಪಗಳಲ್ಲಿ ಕ್ರೂಸ್ ಹಡಗಿನಿಂದ ಇಳಿದವರನ್ನು ತೆರೆದ ಜೀಪಿನಲ್ಲಿ ಅರ್ಧ ದಿನ ಸುತ್ತಿಸಿ ಸಂಜೆ ಹಡಗಿಗೆ ಹತ್ತಿಸುವುದು ಬಹುಕಾಲದ ವ್ಯಾಪಾರ. ಅಲ್ಲಿನವರು ಇದನ್ನು ಹೇಗೆ ಕಂಡರು ಎಂದು ಕೇಳುವುದು ನಮಗೆ ಒಳ್ಳೆಯದು. ಆಂಟಿಗುವಾದಲ್ಲಿ ಹುಟ್ಟಿದ ಲೇಖಕಿ ಜಮೈಕಾ ಕಿಂಕೇಡ್ 1988ರಲ್ಲಿ 'ಎ ಸ್ಮಾಲ್ ಪ್ಲೇಸ್' ಎಂಬ ಪುಟ್ಟ ಪುಸ್ತಕ ಬರೆದರು. ವಿಮಾನ ಇಳಿದ ಪ್ರವಾಸಿ ಟ್ಯಾಕ್ಸಿಯಲ್ಲಿ ಕೂತು ಹೋಗುವುದರಿಂದಲೇ ಅದು ಶುರು. ತನ್ನ ದೇಶದ ಹೆದ್ದಾರಿಗಳಿಂದ ಬೇಸತ್ತವನಿಗೆ ಅಲ್ಲಿಯ ಹೊಂಡದ ರಸ್ತೆ ಹಿತವಾದ ಬದಲಾವಣೆಯಾಗಿ ಕಾಣುತ್ತದೆ. 1974ರ ಭೂಕಂಪಕ್ಕೆ ಹಾಳಾದ ಗ್ರಂಥಾಲಯದ ಮೇಲೆ ದುರಸ್ತಿ ಬಾಕಿ ಇದೆ ಎಂಬ ಫಲಕ ವರ್ಷಗಟ್ಟಲೆ ತೂಗಿದ್ದು ಅವನಿಗೆ ಊರಿನ ಚೆಂದದ ಭಾಗ. ಅಲ್ಲಿಯ ಜನಕ್ಕೆ ಓದಲು ಪುಸ್ತಕವಿಲ್ಲ ಎಂಬುದು ಅವನಿಗೆ ಹೊಳೆಯುವುದಿಲ್ಲ. ಆ ಪುಸ್ತಕದಲ್ಲಿ ಆಂಟಿಗುವಾ ತೆಗೆದು ಹೆಗ್ಗರಣೆ ಎಂದು ಬರೆದರೆ ಎಷ್ಟೋ ಕಡೆ ತಿದ್ದುವುದೇ ಬೇಡ.

ಅದೇ ಸಮುದ್ರದ ಅರುಬಾ ದ್ವೀಪ ಬದುಕಿರುವುದೇ ಪ್ರವಾಸೋದ್ಯಮದಿಂದ. ದ್ವೀಪದ ಸುಮಾರು ಐದನೇ ಒಂದು ಭಾಗ ಅರಿಕೋಕ್ ರಾಷ್ಟ್ರೀಯ ಉದ್ಯಾನ. ಎಟಿವಿ, ಯುಟಿವಿ ಎನ್ನುವ ತೆರೆದ ಗಾಡಿಗಳನ್ನು ಆ ಉದ್ಯಾನದೊಳಗೆ ಬಿಡುವುದನ್ನು ಅವರು ನಿಲ್ಲಿಸಿದರು. ಪ್ರವಾಸಿಗರಿಲ್ಲದೆ ಊಟವಿಲ್ಲ ಎನ್ನುವವರೇ ಇಷ್ಟು ಮಾಡಬಹುದಾದರೆ, ಅಡಿಕೆ, ಕಾಳುಮೆಣಸು, ಭತ್ತ ಇರುವ ನಾವು ಯಾರ ಕಾಲಿಗೆ ಬೀಳಬೇಕು?

ಇಲ್ಲಿ ನಮ್ಮ ವೃತ್ತಿಯವರಿಗೂ ಒಂದು ಮಾತು. ಹಳ್ಳಿಯಿಂದ ಬಂದು ಪತ್ರಿಕೋದ್ಯಮ ಓದಿದವರು ನಾವು. ಪುರವಣಿಗೆ ಪ್ರವಾಸ ಲೇಖನ ಬರೆಯುವಾಗ ಮಾತ್ರ ನಮ್ಮಲ್ಲಿ ಕೆಲವರಿಗೆ ಪೇಟೆಯ ಕಣ್ಣು ಬಂದುಬಿಡುತ್ತದೆ. 'ಹೊರಜಗತ್ತಿಗೆ ತಿಳಿಯದ ತಾಣ', 'ಸಾಹಸಿಗರಿಗೆ ಹೇಳಿಮಾಡಿಸಿದ ದುರ್ಗಮ ದಾರಿ'. ಉಂಚಳ್ಳಿ ಜಲಪಾತವನ್ನು 1845ರಲ್ಲಿ ಲಷಿಂಗ್ಟನ್ ಎಂಬ ಬ್ರಿಟಿಷ್ ಕಲೆಕ್ಟರ್ ಕಂಡುಹಿಡಿದ ಎಂದು ಇವತ್ತಿಗೂ ಬರೆಯುತ್ತೇವೆ. ಅವನು ಬರುವ ಮೊದಲು ಅಘನಾಶಿನಿ ಅಲ್ಲಿ ಧುಮುಕುತ್ತಿರಲಿಲ್ಲವೇ? ಅದರ ಸದ್ದಿಗೆ ಕಿವಿ ಕೇಳಿಸದು ಎಂದು ಜನ ಕೆಪ್ಪ ಜೋಗ ಎಂದು ಕರೆದರಲ್ಲ, ಅವರು ಯಾರು? ದುರ್ಗಮ ಎಂದು ಬರೆಯುವ ಮೊದಲು ಆ ದಾರಿಯಲ್ಲಿ ದಿನವೂ ನಡೆಯುವವರು ಎಷ್ಟು ಮನೆಯವರು, ಅವರ ಅರ್ಜಿ ಯಾವ ಕಚೇರಿಯಲ್ಲಿ ಕೂತಿದೆ ಎಂದು ಎರಡು ಸಾಲು ಕೇಳಿ ಬರೆದರೆ ಲೇಖನ ಕೆಡುವುದಿಲ್ಲ. ಉಂಬಳದ ಬಗ್ಗೆ ಒಂದು ಪ್ಯಾರಾ ಬರೆಯಲು ಜಾಗ ಇರುತ್ತದಲ್ಲ.

ಹಾಗಾದರೆ ಪ್ರವಾಸಿಗರೇ ಬೇಡವೇ ಎಂದು ಕೇಳುತ್ತೀರಿ. ಬರಲಿ. ಮಾಗೋಡು, ಸಾತೊಡ್ಡಿ, ಬುರುಡೆ ಜೋಗ ಎಲ್ಲ ಯಾರೊಬ್ಬರ ಸ್ವತ್ತಲ್ಲ. ಅಬ್ಬಿ ನೋಡಿ, ಊಟ ಮಾಡಿ, ದುಡ್ಡು ಊರಲ್ಲಿ ಬಿಟ್ಟು ಹೋಗಲಿ. ಆ ಚಾಲಕರ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಪ್ರವಾಸಿಗರ ಕಾರನ್ನು ತಡೆಯಲು ಹೊಂಡ ಯಾಕೆ ಬೇಕು? ಗೇಟು ಸಾಲದೇ? ಡಾಂಬರು ಮುಗಿಯುವಲ್ಲಿ ವಾಹನ ನಿಲುಗಡೆ, ಅಲ್ಲಿಂದ ಮುಂದೆ ಊರಿನ ಎಲ್ಲೋ ಬೋರ್ಡ್ ಜೀಪು ಮಾತ್ರ, ಸರದಿಯ ಪ್ರಕಾರ, ಪಂಚಾಯ್ತಿ ಗೊತ್ತುಮಾಡಿದ ದರಕ್ಕೆ, ದಿನಕ್ಕೆ ಇಂತಿಷ್ಟೇ ಟ್ರಿಪ್ಪು, ಮಳೆಗಾಲದಲ್ಲಿ ಬಂದ್. ಆಗ ರಸ್ತೆ ಎಷ್ಟು ಚಲೋ ಆದರೂ ಬಾಡಿಗೆ ಹೋಗುವುದಿಲ್ಲ. ಟೈರು, ಲೀಫು ಸ್ಪ್ರಿಂಗಿನ ಖರ್ಚು ಉಳಿಯುತ್ತದೆ. ನಡುರಾತ್ರಿ ರೋಗಿಯನ್ನು ಒಯ್ಯುವಾಗ ಅರ್ಧ ಹೊತ್ತು ಉಳಿಯುತ್ತದೆ.

ಇದೇನು ಆಗದ ಮಾತಲ್ಲ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸಫಾರಿಗೆ ಗೊತ್ತಾದ ಗಾಡಿ, ಗೊತ್ತಾದ ಹೊತ್ತು, ಗೊತ್ತಾದ ದಾರಿ ಇದೆ. ಮನಸ್ಸು ಬಂದವರು ಮನಸ್ಸು ಬಂದ ಕಡೆ ನುಗ್ಗುವಂತಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ವಾರಾಂತ್ಯ ಸಾವಿರಾರು ಜನ ನುಗ್ಗಿದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯವಾಯಿತು, ಸಂಖ್ಯೆಗೆ ಮಿತಿ ಬಂತು. ನಮ್ಮದೇ ಜಿಲ್ಲೆಯ ಹಲವು ತಾಣಗಳಲ್ಲಿ ಗ್ರಾಮ ಅರಣ್ಯ ಸಮಿತಿಯವರು ಪಾರ್ಕಿಂಗ್ ಚೀಟಿ ಹರಿಯುತ್ತಾರೆ. ಚೀಟಿ ಹರಿಯಲು ಬರುವ ಕೈಗೆ ಗೇಟು ಹಾಕಲೂ ಬರುತ್ತದೆ. ಆ ಚೀಟಿಯ ದುಡ್ಡಿನಲ್ಲಿ ಒಂದು ಪಾಲು ಗಟಾರಕ್ಕೆ, ಮೋರಿಗೆ ಎಂದು ಬರೆದಿಟ್ಟರೆ ಮೇ ತಿಂಗಳಲ್ಲಿ ಗುದ್ದಲಿ ಹಿಡಿಯುವವರಿಗೆ ಕೂಲಿ ಆಯಿತು.

ಇದಕ್ಕೆ ಬೆಂಗಳೂರಿನಿಂದ ಆದೇಶ ಬರಲಿ ಎಂದು ಕಾಯಬೇಕಿಲ್ಲ. ಮುಂದಿನ ಗ್ರಾಮಸಭೆಗೆ ಘಟ್ಟದಂಚಿನ ಕೇರಿಯವರು ಮತ್ತು ಜೀಪಿನವರು ಒಟ್ಟಿಗೆ ಹೋಗಿ ಎರಡು ಠರಾವು ಬರೆಸಲಿ. ಒಂದು, ಅರಣ್ಯ ಹಕ್ಕು ಕಾಯಿದೆಯ 3(2)ರಡಿ ಇಂಥ ಕೇರಿಗೆ ಇಷ್ಟು ಮೀಟರ್ ಉದ್ದದ, ಇಷ್ಟು ಅಗಲದ ರಸ್ತೆಗೆ ಶಿಫಾರಸು. ಸರ್ವೆ ನಂಬರು, ಕಡಿಯಬೇಕಾದ ಮರದ ಲೆಕ್ಕ ಸಮೇತ, ಇಲ್ಲದಿದ್ದರೆ ಡಿಎಫ್‌ಒ ಕಚೇರಿಯಿಂದ ಕಾಗದ ತಿರುಗಿ ಬರುತ್ತದೆ. ಎರಡು, ಆ ರಸ್ತೆಯಲ್ಲಿ ಹೊರಗಿನ ಗಾಡಿ ಎಲ್ಲಿ ನಿಲ್ಲಬೇಕು, ಊರಿನ ಎಷ್ಟು ಜೀಪು ಓಡಬೇಕು, ದರ ಎಷ್ಟು. ಠರಾವಿನ ನಕಲು ತೆಗೆದುಕೊಳ್ಳದೆ ಎದ್ದು ಬರಬೇಡಿ. ಜೀಪಿನವರು ಪರ್ಮಿಟ್ಟಿಗೆ ಅರ್ಜಿ ಹಾಕುವಾಗ ಅದೇ ನಕಲನ್ನು ಲಗತ್ತಿಸಬಹುದು.